ಮೂಲೆ ಅಂಗಡಿಯ ಬೋರ್ಡು

ಬಹರೈನಿನ ಮನಾಮದಲ್ಲಿ ನಾನು ಬರೆದ ಕಟ್ಟಡಗಳನ್ನೆಲ್ಲ ಒಟ್ಟಿಗೆ ನಿಲ್ಲಿಸಿದರೆ ಇನ್ನೊಂದು ಮನಾಮವೇ ಆಗುತ್ತಿತ್ತು. ಆದರೆ ನಿಲ್ಲಿಸುವ ಹಾಗಿಲ್ಲ. ಅವುಗಳಲ್ಲಿ ಹೆಚ್ಚಿನವನ್ನು ಯಾರೂ ಕಟ್ಟಲೇ ಇಲ್ಲ. ಇಪ್ಪತ್ತೆರಡು ವರ್ಷ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಆಗಿ ದುಡಿದು ನಿವೃತ್ತನಾದವನು ಹೇಳಿಕೊಳ್ಳುವ ಮಾತು ಇದಲ್ಲ, ಗೊತ್ತು. ಆದರೆ ಅಣ್ಣನ ಮೊಮ್ಮಗಳು ಇದೇ ಕೆಲಸಕ್ಕೆ ಗಲ್ಫಿಗೆ ಹೊರಟಿದ್ದಾಳೆ. ಮೊನ್ನೆ ಬಂದು, "ಅಜ್ಜ, ನಿಮ್ಮ ಎಕ್ಸ್‌ಪೀರಿಯೆನ್ಸ್ ಏನಾದರೂ ಹೇಳಿ" ಅಂದಳು. ಹೇಳಲು ಕೂತರೆ ನೆನಪಿಗೆ ಬಂದದ್ದು ಒಂದು ಟೈಲರ್ ಅಂಗಡಿಯ ಬೋರ್ಡು. ಅದನ್ನು ಎದುರಿಗೆ ಕೂತು ಹೇಳಲು ನಾಲಗೆ ಹೊರಳಲಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ಕೆಲಸದ ವಿಷಯ. ತೊಂಬತ್ತರ ದಶಕದ ಆರಂಭದಲ್ಲಿ ನಮ್ಮ ಆಫೀಸಿನಲ್ಲಿ ಕಂಪ್ಯೂಟರ್ ಇರಲಿಲ್ಲ. ಓರೆಯಾಗಿ ನಿಲ್ಲಿಸಿದ ಹಲಗೆ, ಅದರ ಮೇಲೆ ಹಾಲಿನ ಬಣ್ಣದ ಫಿಲ್ಮ್ ಹಾಳೆ, ಕೈಯಲ್ಲಿ ಇಂಕಿನ ಪೆನ್ನು. ತಪ್ಪಿದರೆ ಬ್ಲೇಡಿನಿಂದ ಮೆಲ್ಲಗೆ ಕೆರೆದು ತೆಗೆಯಬೇಕು. ಸ್ವಲ್ಪ ಜೋರಾದರೆ ಹಾಳೆಯೇ ತೂತು. ಪ್ರತಿ ತೆಗೆಯುವ ಮೆಷಿನ್ ಅಮೋನಿಯಾದ್ದು. ಅದರ ನಾತ ಅಂಗಿಯಿಂದ ಹೋಗುತ್ತಲೇ ಇರಲಿಲ್ಲ. ಗುಫೂಲ್ ಬಡಾವಣೆಯ ನಮ್ಮ ಕಟ್ಟಡದಲ್ಲಿ ಲಿಫ್ಟಿಗೆ ಹತ್ತಿದರೆ ಪಕ್ಕದವರು ಮೂಗು ಮುಚ್ಚುತ್ತಾ, "ಭಟ್ರು ಬಂದ್ರು" ಅನ್ನುತ್ತಿದ್ದರು.

ನಮ್ಮ ಮೇಲಧಿಕಾರಿ ಜೋರ್ಡಾನ್ ಕಡೆಯ ಆರ್ಕಿಟೆಕ್ಟ್. ಅರಬಿಯಲ್ಲಿ ಇಂಜಿನಿಯರನಿಗೆ ಮೊಹಂದಿಸ್ ಅನ್ನುತ್ತಾರೆ, ನಾವೂ ಹಾಗೇ ಕರೆಯುತ್ತಿದ್ದೆವು. ಮೊದಲ ವರ್ಷವೇ ಅವರಿಂದ ನನಗೆ ಬೈಗುಳದ ಅಭಿಷೇಕವಾಯಿತು. ಒಂದು ಹೋಟೆಲಿನ ನಕ್ಷೆ, ಹನ್ನೆರಡು ಮಹಡಿ. ಹದಿನೈದು ದಿನ ಕೂತು ಮುತ್ತಿನ ಹಾಗೆ ಬರೆದಿದ್ದೆ. ಮೊಹಂದಿಸ್ ಒಂದು ಗಳಿಗೆ ನೋಡಿ, "ಉತ್ತರ ಯಾವ ಕಡೆ?" ಎಂದು ಕೇಳಿದರು. ತೋರಿಸಿದೆ. "ಮೆಕ್ಕಾ ಯಾವ ಕಡೆ?" ಎಂದರು. ಎಲ್ಲ ಕೋಣೆಗಳ ಪಾಯಿಖಾನೆಯನ್ನೂ ಆ ದಿಕ್ಕಿಗೇ ಮುಖ ಮಾಡಿ ಕೂರಿಸಿದ್ದೆ! ಹನ್ನೆರಡು ಮಹಡಿಯನ್ನೂ ಬ್ಲೇಡಿನಿಂದ ಕೆರೆದು ಪುನಃ ಬರೆದೆ. ಈಗ ಹೋಗುವವರು ತಿಳಿದಿರಿ, ಅಲ್ಲಿ ನಕ್ಷೆ ಶುರುವಾಗುವುದು ಬಾಗಿಲಿನಿಂದಲ್ಲ, ಕಿಬ್ಲಾದಿಂದ, ಅಂದರೆ ನಮಾಜಿಗೆ ಮುಖ ಮಾಡುವ ಮೆಕ್ಕಾದ ದಿಕ್ಕಿನಿಂದ. ಆ ಹೋಟೆಲೂ ಕಟ್ಟಲಿಲ್ಲ ಅನ್ನುವುದು ಬೇರೆ ಮಾತು.

ಕುವೈತ್ ಯುದ್ಧ ಮುಗಿದ ಮೇಲೆ ಊರು ತುಂಬ ಒಂದೇ ಸುದ್ದಿ. ಸೂಕಿನ, ಅಂದರೆ ಹಳೆ ಪೇಟೆಯ, ಹಿಂದಿನ ಹಳೆ ಕಟ್ಟಡಗಳನ್ನೆಲ್ಲ ತೆಗೆಯುತ್ತಾರಂತೆ. ಅಲ್ಲಿ ಟವರ್ ಬರುತ್ತದಂತೆ, ಇಲ್ಲಿ ಸಮುದ್ರ ತುಂಬಿಸುತ್ತಾರಂತೆ, ಜುಫೈರಿನ ಕಡೆ ಸಾಲಾಗಿ ಹೋಟೆಲುಗಳಂತೆ. ಈ 'ಅಂತೆ'ಗಳು ನನ್ನ ಮನೆಯ ಬೆಲ್ ಒತ್ತುತ್ತಿದ್ದವು. ಭಟ್ರು ನಕ್ಷೆ ಬರೆಯುವವರು, ಭಟ್ರಿಗೆ ಗೊತ್ತುಂಟು! ಅಲ್ಲಿ ವಾರದ ರಜೆಯಾದ ಶುಕ್ರವಾರ ಚಾ ಕುಡಿಯಲು ಬಂದವರೆಲ್ಲ ಎರಡು ಮಾತು ಕ್ಷೇಮ ವಿಚಾರಿಸಿ ಮೂರನೆಯದಕ್ಕೆ, "ಎಂತ ಉಂಟು ಭಟ್ರೆ ಹೊಸತು?" ಎನ್ನುತ್ತಿದ್ದರು. ಆಫೀಸಿನ ಗುಟ್ಟು ಹೇಳುವ ಹಾಗಿಲ್ಲ. "ನಂಗೆ ಎಂತ ಗೊತ್ತಿಲ್ಲ ಮಾರಾಯ್ರೆ" ಎನ್ನುತ್ತಿದ್ದೆ. ಆದರೆ ಹೇಳುವಾಗ ತುಟಿಯಂಚಿನಲ್ಲಿ ಒಂದು ನಗೆ ಇಟ್ಟುಕೊಳ್ಳುತ್ತಿದ್ದೆ. ಆ ನಗೆಯೇ ಸಾಕು, ಸಂಜೆಯೊಳಗೆ ಸುದ್ದಿಗೆ ಕೈಕಾಲು ಬರುತ್ತಿತ್ತು. ನಿಜ ಹೇಳಬೇಕೆಂದರೆ ನನಗೆ ಅದು ಹಿತವಾಗಿತ್ತು. ಊರಿನಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ನನ್ನನ್ನು ಅಲ್ಲಿ ಮ್ಯಾನೇಜರುಗಳೂ ಕೇಳಿಕೊಂಡು ಬರುತ್ತಿದ್ದರು.

ಸುದ್ದಿಯಲ್ಲಿದ್ದ ಹಳೆ ಕಟ್ಟಡಗಳಲ್ಲಿ ಒಂದರ ಮೂಲೆಯಲ್ಲೇ ಫೆಲಿಕ್ಸ್ ಪೊರ್ಬುಗಳ ಟೈಲರ್ ಅಂಗಡಿ. ನಮ್ಮ ಕಡೆ ಕ್ರಿಶ್ಚಿಯನ್ ಗಂಡಸರನ್ನು ಮರ್ಯಾದೆಯಿಂದ ಪೊರ್ಬುಗಳೆ ಎಂದು ಕರೆಯುತ್ತೇವೆ. ಅವರು ಕಿನ್ನಿಗೋಳಿಯವರು, ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಬಹರೈನಿಗೆ ಬಂದ ಮೊದಲ ವಾರ ವಿಮಾನದಲ್ಲಿ ಪೆಟ್ಟಿಗೆ ಕಳೆದುಹೋಗಿ, ಹಾಕಿದ ಬಟ್ಟೆಯಲ್ಲೇ ಆಫೀಸಿಗೆ ಸೇರಬೇಕಾಗಿ ಬಂದಾಗ, ಗುರುತು ಪರಿಚಯವಿಲ್ಲದ ನನ್ನನ್ನು ಕರೆದು ಕೂರಿಸಿ, ಮಧ್ಯಾಹ್ನ ಊಟಕ್ಕೂ ಏಳದೆ ಎರಡು ಅಂಗಿ ಹೊಲಿದು ಕೊಟ್ಟ ಪುಣ್ಯಾತ್ಮ. ಅವರ ಕತ್ತರಿಯ ಕೈ ಅಂಥದ್ದು, ಅರಬಿಗಳೂ ಹುಡುಕಿಕೊಂಡು ಬರುತ್ತಿದ್ದರು. ಅವರ ಹೆಂಡತಿ ಸೆವ್ರಿನ್ ಬಾಯಿ ಒಂದು ಕ್ಲಿನಿಕ್ಕಿನಲ್ಲಿ ನರ್ಸ್.

ಆ ಕಟ್ಟಡದ ಕೆಲಸ ನಮ್ಮ ಆಫೀಸಿಗೇ ಬಂತು. ಮಾಲೀಕನನ್ನು ಎಲ್ಲರೂ ಅರ್ಬಾಬ್ ಎನ್ನುತ್ತಿದ್ದರು, ಅಂದರೆ ಧಣಿ. ಮೃದು ಮಾತಿನ ಮುದುಕ. ಹಳೆಯದನ್ನು ಕೆಡವಿ ಕೆಳಗೆ ಅಂಗಡಿ, ಮೇಲೆ ಆಫೀಸುಗಳಿರುವ ದೊಡ್ಡ ಕಾಂಪ್ಲೆಕ್ಸ್ ಕಟ್ಟುವ ಆಸೆ ಅವನಿಗೆ. ದುಡ್ಡು ಹಾಕುವ ಪಾಲುದಾರರಿಗೆ ತೋರಿಸಲು ಒಂದು ಚಿತ್ರ ಬೇಕಿತ್ತು. ಕಟ್ಟಡ ಎದ್ದು ನಿಂತ ಮೇಲೆ ಹೇಗೆ ಕಾಣುತ್ತದೋ ಹಾಗೆ, ಬಣ್ಣ ತುಂಬಿ, ಖರ್ಜೂರದ ಮರ, ಕಾರು, ಜನ ಎಲ್ಲ ಹಾಕಿ ಬರೆಯುವ ಚಿತ್ರ. ಅದನ್ನು ಮೊಹಂದಿಸ್ ನನಗೇ ವಹಿಸಿದರು. ಉಬ್ಬಿಹೋದೆ. ಒಂದು ತಿಂಗಳು ಕತ್ತೆಯಂತೆ ದುಡಿದೆ.

ಕೆಳಗಿನ ಅಂಗಡಿಗಳ ಬೋರ್ಡುಗಳನ್ನು ಖಾಲಿ ಬಿಟ್ಟಿದ್ದೆ. ಮೊಹಂದಿಸ್ ನೋಡಿ, "ಯಾ ಭಟ್, ಹೆಸರಿಲ್ಲದ ಬೋರ್ಡು ಸತ್ತ ಅಂಗಡಿಯ ಹಾಗೆ ಕಾಣುತ್ತದೆ. ಏನಾದರೂ ಬರಿ" ಎಂದರು. ಇದು ನಮ್ಮ ಕೆಲಸದ ಹಳೆಯ ಪದ್ಧತಿ. ಬೋರ್ಡಿನಲ್ಲಿ ಡ್ರಾಫ್ಟ್ಸ್‌ಮನ್ ತನಗೆ ಬೇಕಾದವರ ಹೆಸರು ಬರೆಯುವುದು. ನನ್ನ ಪಕ್ಕದ ಹಲಗೆಯ ಫಿಲಿಪೀನ್ಸಿನವನು ತಾನು ಬರೆದ ಪ್ರತಿ ಕಟ್ಟಡದಲ್ಲೂ ಮಗಳ ಹೆಸರಿನಲ್ಲಿ ಒಂದು ಬ್ಯೂಟಿ ಪಾರ್ಲರ್ ಇಡುತ್ತಿದ್ದ. ಮಗುವಿಗೆ ಆಗ ಮೂರು ವರ್ಷ. ಇದರಲ್ಲಿ ಕೆಟ್ಟದ್ದೇನೂ ಇಲ್ಲ, ಯಾರೂ ಓದುವುದಿಲ್ಲ, ನಮಗೊಂದು ಸಣ್ಣ ಖುಷಿ ಅಷ್ಟೇ. ನಾನು ಅಮ್ಮನ ಹೆಸರಿನಲ್ಲಿ ಒಂದು ಬೇಕರಿ, ಹೆಂಡತಿಯ ಹೆಸರಿನಲ್ಲಿ ಒಂದು ಸೀರೆ ಅಂಗಡಿ ಬರೆದೆ. ಮೂಲೆಯ ದೊಡ್ಡ ಅಂಗಡಿ ಬಾಕಿ ಇತ್ತು. ಪೆನ್ನು ತಾನಾಗಿ 'ಫೆಲಿಕ್ಸ್ ಟೈಲರ್ಸ್' ಎಂದು ಬರೆಯಿತು. ಪಕ್ಕದಲ್ಲಿ ಒಂದು ಸೂಜಿ, ನೂಲು. ಗಾಜಿನೊಳಗೆ ಕೋಟು ಹಾಕಿದ ಒಂದು ಬೊಂಬೆ ನಿಲ್ಲಿಸಿದೆ. ಪ್ರೀತಿಯಿಂದ ಬರೆದೆ, ಅದರಲ್ಲಿ ಸುಳ್ಳಿಲ್ಲ.

ಅರ್ಬಾಬ್ ಆ ಚಿತ್ರದ ಬಣ್ಣದ ಪ್ರತಿಗೆ ಕಟ್ಟು ಹಾಕಿಸಿ, ಅತಿಥಿಗಳನ್ನು ಕೂರಿಸುವ ತನ್ನ ಮಜ್ಲಿಸಿನ ಗೋಡೆಗೆ ತೂಗುಹಾಕಿದ. ಅಲ್ಲಿಗೆ ಹಳೆ ಕಟ್ಟಡದ ಐದೂ ಅಂಗಡಿಯವರನ್ನು ಕರೆಸಿ, ಗಾವಾ ಕಾಫಿ ಕೊಟ್ಟು, ಬಿಟ್ಟುಕೊಡಿ, ಕಟ್ಟಿದ ಮೇಲೆ ಇನ್ಶಾ ಅಲ್ಲಾ ನೀವೇ ಬನ್ನಿ ಎಂದು ಹೇಳಿದ. ಅವರಲ್ಲಿ ಗಡಿಯಾರ ರಿಪೇರಿ ಮಾಡುವ ಮಲಯಾಳಿ ಹಂಸಾಕ ಗಟ್ಟಿಗ. ಹೊರಗೆ ಬಂದವನೇ ಎಲ್ಲರನ್ನೂ ಸೇರಿಸಿ, ಹೊಸ ಅಂಗಡಿಯ ಬಗ್ಗೆ ಸಹಿ ಮಾಡಿದ ಕಾಗದ ಕೈಗೆ ಬಾರದೆ ಒಬ್ಬನೂ ಕೀ ಕೊಡಬಾರದು ಎಂದು ಒಪ್ಪಿಸಿದ. ಐವರೂ ಹೂಂ ಎಂದರು. ಅಂಗಡಿ ಅಂದರೆ ಬರೀ ಅಂಗಡಿಯಲ್ಲ ಅಲ್ಲಿ. ಬಹರೈನಿ ಪ್ರಾಯೋಜಕನ ಹೆಸರಿನ ಲೈಸೆನ್ಸು ಆ ವಿಳಾಸಕ್ಕೆ, ನಮ್ಮವರ ವೀಸಾ ಆ ಲೈಸೆನ್ಸಿಗೆ ಅಂಟಿಕೊಂಡಿರುತ್ತದೆ. ವಿಳಾಸ ಹೋದರೆ ಒಂದರ ಹಿಂದೆ ಒಂದು ಎಲ್ಲವೂ ಹೋಗುತ್ತದೆ.

ಮರುದಿನ ಸಂಜೆ ಪೊರ್ಬುಗಳು ನಮ್ಮ ಮನೆಗೆ ಬಂದರು. ಕೈಯಲ್ಲಿ ಹಲ್ವದ ಡಬ್ಬಿ. ಒಳಗೆ ಬಂದವರೇ ನನ್ನ ಎರಡೂ ಕೈ ಹಿಡಿದುಕೊಂಡರು.

"ನೀವೊಂದು ಮಾತು ಹೇಳ್ಲಿಲ್ವಲ್ಲ ಭಟ್ರೆ!"

"ಎಂತದ್ದು ಪೊರ್ಬುಗಳೆ?"

"ಎಂತದ್ದಂತೆ! ಮೂಲೆ ಅಂಗಡಿ! ನನ್ನ ಹೆಸರು ಹಾಕಿದ್ದಾರೆ. ನಾನು ನನ್ನ ಈ ಕಣ್ಣಿಂದ ಓದಿದೆ. ಸೂಜಿ ನೂಲು ಎಲ್ಲ ಉಂಟು. ಉಳಿದ ನಾಲ್ಕು ಜನದ್ದು ಯಾರದ್ದೂ ಇಲ್ಲ."

ಅದು ನಾನು ಸುಮ್ಮನೆ ಬರೆದದ್ದು, ಪಕ್ಕದ ಬೇಕರಿ ನನ್ನ ಅಮ್ಮನದ್ದು, ಅವರು ಬದುಕಿನಲ್ಲಿ ಒಂದು ಬನ್ನು ಸುಟ್ಟವರಲ್ಲ ಎಂದು ಹೇಳಿ ನಕ್ಕುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಕ್ಕೆ. ಹೇಳಬೇಕಾದದ್ದು ಹೇಳಲಿಲ್ಲ.

"ಅದು ಬರೀ ಚಿತ್ರ ಪೊರ್ಬುಗಳೆ" ಎಂದೆ, ಅಷ್ಟೇ.

"ಗೊತ್ತುಂಟು, ಗೊತ್ತುಂಟು. ನಿಮ್ಮ ಆಫೀಸಿನ ಗುಟ್ಟು, ನೀವು ಹೇಳುವ ಹಾಗಿಲ್ಲ. ನಾನು ಕೇಳುದೂ ಇಲ್ಲ" ಎಂದು ಕಣ್ಣು ಮಿಟುಕಿಸಿದರು. ಆ ನನ್ನ ಹಾಳು ನಗೆ, ಎಷ್ಟೋ ಶುಕ್ರವಾರ ತುಟಿಯಂಚಿನಲ್ಲಿ ಇಟ್ಟುಕೊಂಡ ನಗೆ, ಇವರಿಗೂ ಅಭ್ಯಾಸವಾಗಿತ್ತು.

ಎರಡು ವಾರ ಬಿಟ್ಟು ಅಂಗಡಿಗೆ ಕರೆದರು. ಸೆವ್ರಿನ್ ಬಾಯಿಯೂ ಡ್ಯೂಟಿ ಬಟ್ಟೆಯಲ್ಲೇ ಬಂದು ಸ್ಟೂಲಿನ ಮೇಲೆ ಕೂತಿದ್ದರು.

"ನೀವೇ ಹೇಳಿ ಭಟ್ರೆ, ನಾಳೆ ಅರ್ಬಾಬಿಗೆ ಕೀ ಕೊಡ್ಲಾ?" ಎಂದು ಪೊರ್ಬುಗಳು ಕೇಳಿದರು.

"ಹಂಸಾಕ ಕಾಗದ ಸಿಗದೆ ಕೊಡ್ಬೇಡಿ ಹೇಳ್ತಾರೆ" ಎಂದರು ಸೆವ್ರಿನ್ ಬಾಯಿ. "ನಂಗೆ ಹೆದರಿಕೆ ಆಗ್ತದೆ. ನೀವು ಒಳಗಿನವರು, ನಿಮಗೆ ಗೊತ್ತಿರ್ತದೆ."

ಆಗಲಾದರೂ ಹೇಳಬೇಕಿತ್ತು. ಯಾಕೆ ಹೇಳಲಿಲ್ಲ ಎಂದು ನನ್ನನ್ನು ನಾನೇ ಸಾವಿರ ಸಲ ಕೇಳಿಕೊಂಡಿದ್ದೇನೆ. ಕಟ್ಟಡ ಬಂದೇ ಬರುತ್ತದೆ ಎಂದು ಆಫೀಸಿನಲ್ಲಿ ಎಲ್ಲರೂ ನಂಬಿದ್ದರು, ನಾನೂ ನಂಬಿದ್ದೆ. ಬಂದ ಮೇಲೆ ಅರ್ಬಾಬಿಗೆ ಒಂದು ಮಾತು ಹೇಳಿದರೆ ಮೂಲೆ ಅಂಗಡಿ ಇವರಿಗೇ ಸಿಗಲಿಕ್ಕೂ ಸಾಕು ಎಂದುಕೊಂಡೆ. ಇದೆಲ್ಲ ನೆಪ. ಒಳಗಿನ ಕಾರಣ ಒಂದೇ. ಒಳಗಿನವನು, ಗೊತ್ತಿರುವವನು ಎಂದು ಇಬ್ಬರು ಕಣ್ಣರಳಿಸಿ ನೋಡುತ್ತಿರುವಾಗ, ನಾನು ಬರೀ ಗೆರೆ ಎಳೆಯುವವನು, ಬೋರ್ಡಿನಲ್ಲಿ ಆಟಕ್ಕೆ ಹೆಸರು ಬರೆದವನು ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಾಯಿತು.

"ಚಿತ್ರದಲ್ಲಿ ಉಂಟಲ್ಲ ಪೊರ್ಬುಗಳೆ" ಎಂದೆ.

ಅಷ್ಟೇ ನಾನು ಹೇಳಿದ್ದು. ಮರುದಿನ ಅವರು ಕೀ ಕೊಟ್ಟರು. ಇಪ್ಪತ್ತು ವರ್ಷದಿಂದ ಅಲ್ಲೇ ಅಂಗಡಿ ಇಟ್ಟ ಪ್ರಾಮಾಣಿಕ ಮನುಷ್ಯ ಸುಮ್ಮನೆ ಕೊಟ್ಟಿರಲಿಕ್ಕಿಲ್ಲ ಎಂದುಕೊಂಡು ಉಳಿದವರೂ ಒಬ್ಬೊಬ್ಬರಾಗಿ ಕೊಟ್ಟರು. ಕೊನೆಗೆ ಹಂಸಾಕ. ಅವನು ಗಡಿಯಾರಗಳನ್ನು ಚೀಲಕ್ಕೆ ತುಂಬುತ್ತಾ ನನ್ನ ಮುಖ ನೋಡಿ, "ಚಿತ್ರ ಬಹಳ ಚೆನ್ನಾಗಿದೆ ಭಟ್ ಸಾಬ್" ಎಂದು ಹಿಂದಿಯಲ್ಲಿ ಹೇಳಿದ. ಬೈದಿದ್ದರೆ ವಾಸಿಯಿತ್ತು.

ಕಟ್ಟಡ ಮೂರೇ ದಿನದಲ್ಲಿ ನೆಲಸಮವಾಯಿತು. ತಗಡಿನ ಬೇಲಿ ಹಾಕಿದರು. ಬೇಲಿಗೆ ನನ್ನ ಚಿತ್ರವನ್ನೇ ದೊಡ್ಡದು ಮಾಡಿ ಬೋರ್ಡು ಹಾಕಿದರು. ಆಳೆತ್ತರದಲ್ಲಿ 'ಫೆಲಿಕ್ಸ್ ಟೈಲರ್ಸ್', ದಾರಿಹೋಕರೆಲ್ಲ ಓದುವ ಹಾಗೆ. ಪೊರ್ಬುಗಳು ಶುಕ್ರವಾರ ಇಗರ್ಜಿಯ ಪೂಜೆ ಮುಗಿಸಿ ಅದರ ಮುಂದೆ ನಿಂತು ಪರಿಚಯದವರಿಗೆ ತೋರಿಸುತ್ತಿದ್ದರು. ನಾನು ಆ ದಾರಿಯನ್ನೇ ಬಿಟ್ಟೆ. ಬಸ್ಸಿಗೆ ಸುತ್ತು ಹಾಕಿ ಹೋಗುತ್ತಿದ್ದೆ.

ಪಾಯ ತೋಡಲು ಯಾರೂ ಬರಲಿಲ್ಲ. ಈ ಬೇಸಿಗೆ ಕಳೆಯಲಿ ಎಂದರು. ಬೇಸಿಗೆ ಕಳೆಯಿತು. ಪಾಲುದಾರರು ಹಿಂದೆ ಸರಿದರಂತೆ, ಅವರಿಗೆ ಸಮುದ್ರ ತುಂಬಿಸಿದ ಜಾಗ ಬೇಕಂತೆ ಎಂಬ ಸುದ್ದಿ ಬಂತು. ಅರ್ಬಾಬ್ ಹಾಸಿಗೆ ಹಿಡಿದ. ನಮ್ಮ ಆಫೀಸಿನಲ್ಲಿ ಫೈಲನ್ನು ಮೇಲಿನ ಕಪಾಟಿಗೆ ಹಾಕಿದರು. "ಖಲಾಸ್" ಎಂದರು ಮೊಹಂದಿಸ್, ಮುಗಿಯಿತು ಎಂದು. ಒಂದು ಸಲವೂ ಆ ಹೆಸರು ಯಾರದ್ದು ಎಂದು ಕೇಳಲಿಲ್ಲ. ಬೇಲಿಯ ಒಂದು ಕಡೆ ತೆಗೆದು ಜನ ಕಾರು ನಿಲ್ಲಿಸತೊಡಗಿದರು. ಬಿಸಿಲಿಗೆ ಬೋರ್ಡಿನ ಬಣ್ಣ ಹೋಗುತ್ತಾ ಬಂತು.

ವಿಳಾಸ ಹೋದ ಲೈಸೆನ್ಸನ್ನು ಪ್ರಾಯೋಜಕ ಒಂದು ವರ್ಷ ಹೇಗೋ ಉಳಿಸಿಕೊಟ್ಟ. ಆಮೇಲೆ ಅವನ ಕೈಯಲ್ಲೂ ಆಗಲಿಲ್ಲ. ವೀಸಾ ಉಳಿಸಿಕೊಳ್ಳಲು ಪೊರ್ಬುಗಳು ಸಲ್ಮಾಬಾದಿನಲ್ಲಿ ಕೂಲಿಯವರ ಯೂನಿಫಾರ್ಮ್ ಹೊಲಿಯುವ ಒಂದು ವರ್ಕ್‌ಶಾಪಿಗೆ ಸೇರಿದರು. ಅಲ್ಲಿ ಅಳತೆ ಇಲ್ಲ, ಕತ್ತರಿ ಇಲ್ಲ. ಬಟ್ಟೆಯನ್ನು ಮೆಷಿನ್ ಕತ್ತರಿಸುತ್ತದೆ. ಒಬ್ಬ ತೋಳು ಕೂರಿಸಬೇಕು, ಒಬ್ಬ ಕಾಲರು. ಪೊರ್ಬುಗಳ ಪಾಲಿಗೆ ಜೇಬು. ಬೆಳಗಿನಿಂದ ಸಂಜೆಯವರೆಗೆ ಎಡ ಜೇಬು, ಬಲ ಜೇಬು. ಮದುವೆ ಕೋಟು ಹೊಲಿದ ಕೈ ಅದು!

ಅಷ್ಟರಲ್ಲಿ ನಮ್ಮಲ್ಲಿಗೆ ಕಂಪ್ಯೂಟರ್ ಬಂತು. ಹಲಗೆಗಳನ್ನು ಹೊರಗೆ ಹಾಕಿದರು. ಕಲಿಯಲು ನನಗೆ ಒಂದು ವರ್ಷ ಹಿಡಿಯಿತು, ಎಳೆಯ ಹುಡುಗಿಯೊಬ್ಬಳು ಕಲಿಸಿದಳು, ಅವಳ ತಾಳ್ಮೆ ದೊಡ್ಡದು. ಅದರಲ್ಲಿ ಒಂದು ವಿಷಯ ನೋಡಿ ದಂಗಾದೆ. ಬೋರ್ಡುಗಳ ಮೇಲೆ ಅದು ತಾನಾಗಿ 'ಅಂಗಡಿ ಒಂದು', 'ಅಂಗಡಿ ಎರಡು' ಎಂದು ಬರೆಯುತ್ತಿತ್ತು. ಎಲ್ಲರೂ ಇದೆಂಥ ನೀರಸ ಎಂದರು. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಚಿತ್ರಗಳನ್ನು ಮಾತ್ರ ಇನ್ನೂ ಕೈಯಲ್ಲೇ ಬರೆಸುತ್ತಿದ್ದರು. ಒಂದು ದಿನ ಮೊಹಂದಿಸ್ ಕಪಾಟಿನಿಂದ ಆ ಹಳೆ ಚಿತ್ರದ ಮೂಲ ಫಿಲ್ಮ್ ಹಾಳೆ ತೆಗೆಸಿದರು. ಜುಫೈರಿನಲ್ಲಿ ಬೇರೆ ಯಾರಿಗೋ ಇಂಥದೇ ಕಾಂಪ್ಲೆಕ್ಸ್ ಬೇಕಂತೆ. "ಇದನ್ನೇ ಕೊಡೋಣ. ಮರ ಬದಲಿಸು, ಬೋರ್ಡುಗಳನ್ನು ತೆಗೆದು ಹೊಸ ಹೆಸರು ಹಾಕು" ಎಂದರು. ಬ್ಲೇಡು ಹಿಡಿದು ಕೂತೆ. ಅಮ್ಮನ ಬೇಕರಿಯನ್ನು ಕೆರೆದೆ, ಹೆಂಡತಿಯ ಸೀರೆ ಅಂಗಡಿಯನ್ನು ಕೆರೆದೆ. ಕೊನೆಗೆ ಆ ಹೆಸರು. ಸೂಜಿ, ನೂಲು, ಕೋಟಿನ ಬೊಂಬೆ, ಎಲ್ಲ ಬಿಳಿ ಪುಡಿಯಾಗಿ ಮೇಜಿನ ಮೇಲೆ ಬಿತ್ತು. ಊದಿದೆ, ಹೋಯಿತು. ಹಾಳೆಯನ್ನು ಬೆಳಕಿಗೆ ಹಿಡಿದರೆ ಅಕ್ಷರದ ಗುರುತು ಇನ್ನೂ ಕಾಣುತ್ತಿತ್ತು.

ಆ ವಾರವೇ ಸಲ್ಮಾಬಾದಿಗೆ ಹೋದೆ. ಇನ್ನು ತಡೆದುಕೊಳ್ಳಲಾರೆ ಎಂದು ಹೋದೆ. ಮಧ್ಯಾಹ್ನದ ಬಿಡುವು. ಪೊರ್ಬುಗಳು ವರ್ಕ್‌ಶಾಪಿನ ಹೊರಗೆ ಗೋಡೆಯ ನೆರಳಲ್ಲಿ ಬುತ್ತಿ ಮುಚ್ಚುತ್ತಿದ್ದರು. ಕೂದಲು ಪೂರ್ತಿ ನರೆತಿತ್ತು. ನನ್ನನ್ನು ಕಂಡು ಅದೇ ಹಳೆಯ ಹುಮ್ಮಸ್ಸಿನಿಂದ ಎದ್ದರು. ಅಳತೆಯ ಟೇಪು ಈಗಲೂ ಕೊರಳಲ್ಲಿತ್ತು.

"ಪೊರ್ಬುಗಳೆ, ಒಂದು ಮಾತು ಹೇಳ್ಲಿಕ್ಕೆ ಬಂದೆ. ಆ ಚಿತ್ರದಲ್ಲಿ ನಿಮ್ಮ ಹೆಸರು ಬರೆದದ್ದು ಅರ್ಬಾಬ್ ಅಲ್ಲ. ನಾನು. ಬೋರ್ಡು ಖಾಲಿ ಇತ್ತು, ಸುಮ್ಮನೆ ಬರೆದೆ. ಅರ್ಬಾಬಿಗೆ ಗೊತ್ತೇ ಇರ್ಲಿಲ್ಲ. ನೀವು ಕೀ ಕೊಟ್ಟದ್ದು ನನ್ನಿಂದ. ನಾನು ಪಾಪಿ."

ಅವರು ನನ್ನ ಭುಜ ತಟ್ಟಿ ನಕ್ಕರು.

"ಛೆ ಛೆ! ನನ್ನ ಸಮಾಧಾನಕ್ಕೆ ನೀವು ತಲೆ ಮೇಲೆ ಹಾಕ್ಕೊಳ್ತೀರಾ ಭಟ್ರೆ? ಅಷ್ಟು ದೊಡ್ಡ ಆಫೀಸಿನಲ್ಲಿ ಯಾರಾದ್ರೂ ಸುಮ್ಮನೆ ಬರೀತಾರಾ? ಅರ್ಬಾಬ್ ಒಳ್ಳೆ ಮನುಷ್ಯ. ಪಾಲುದಾರರು ಕೈ ಕೊಟ್ಟರು, ಅವ ಎಂತ ಮಾಡ್ಲಿಕ್ಕುಂಟು?"

"ಅಲ್ಲ ಪೊರ್ಬುಗಳೆ, ದೇವರಾಣೆ..."

"ಆಣೆ ಎಲ್ಲ ಬೇಡ. ಈಗ ಅವನ ಮಗ ಪುನಃ ಶುರು ಮಾಡ್ತಾನಂತೆ, ಇಗರ್ಜಿಯಲ್ಲಿ ಮಾತಾಡ್ತಿದ್ರು. ಚಿತ್ರ ನಿಮ್ಮ ಆಫೀಸಲ್ಲಿ ಹಾಗೇ ಉಂಟಲ್ಲ? ಮೂಲೆ ನಂದೇ ಅಲ್ವಾ?"

ನನ್ನ ಉಗುರಿನ ಸಂದಿಯಲ್ಲಿ ಆ ಬಿಳಿ ಪುಡಿ ಇನ್ನೂ ಇದ್ದ ಹಾಗೆ ಅನಿಸಿತು. ಇಷ್ಟು ಹೇಳಿಯೂ ನಂಬದವರಿಗೆ ಇನ್ನು ಏನು ಹೇಳಲಿ? ಹೆಸರನ್ನು ನಾನೇ ಕೆರೆದು ತೆಗೆದೆ ಎನ್ನಲೇ? ಅವರ ಬಳಿ ಉಳಿದಿದ್ದದ್ದು ಆ ಬೋರ್ಡು ಒಂದೇ.

"ಹಾಗೇ ಉಂಟು. ಮೂಲೆ ನಿಮ್ಮದೇ" ಎಂದೆ.

ಎರಡನೆಯ ಸಲ ಅದೇ ಮನುಷ್ಯನಿಗೆ ಅದೇ ಸುಳ್ಳು ಹೇಳಿದೆ. ಈಗ ಈ ಕೆಲಸಕ್ಕೆ ಹೋಗುವವರಿಗೆ ನಾನು ಹೇಳುವುದು ಇಷ್ಟೇ, ಬೋರ್ಡು ಖಾಲಿ ಬಿಡಿ. ಸತ್ತ ಅಂಗಡಿಯ ಹಾಗೆ ಕಂಡರೆ ಕಾಣಲಿ.

ಪೊರ್ಬುಗಳ ಮುಖ ಅರಳಿತು. ಕೊರಳಿನಿಂದ ಟೇಪು ತೆಗೆದು, "ನೀವು ಸಪೂರ ಆಗಿದ್ದೀರಿ, ಹಳೆ ಅಳತೆ ನಡೆಯುದಿಲ್ಲ. ಅಂಗಡಿ ತೆಗೆದ ದಿನ ಮೊದಲ ಅಂಗಿ ನಿಮ್ಮದೇ. ಕೈ ಎತ್ತಿ" ಎಂದರು. ವರ್ಕ್‌ಶಾಪಿಗೆ ಸೇರಿದ ಮೇಲೆ ಯಾರ ಅಳತೆಯನ್ನೂ ತೆಗೆಯದಿದ್ದ ಕೈ ಎಲ್ಲೂ ತಡವರಿಸಲಿಲ್ಲ. ಎದೆ, ಭುಜ, ತೋಳು, ಕುತ್ತಿಗೆ, ಒಂದೊಂದನ್ನೂ ಬಾಯಲ್ಲಿ ಹೇಳಿಕೊಂಡು ಜೇಬಿನ ಪುಸ್ತಕದಲ್ಲಿ ಬರೆದುಕೊಂಡರು. ಮುಗಿಯುವವರೆಗೂ ನಾನು ಆ ಗೋಡೆಯ ಪಕ್ಕದಲ್ಲಿ ಎರಡೂ ಕೈ ಎತ್ತಿಕೊಂಡು ನಿಂತಿದ್ದೆ.